ಹಳೆಯ ಹಾಡಲ್ಲಿ ಕೇಳುವ ಸಿಂಥ್ ಯಾವುದು? ಪತ್ತೆ ಹಚ್ಚುವುದು ಹೀಗೆ

ಹಳೆಯ ರೆಕಾರ್ಡಿಂಗ್ ಕೇಳುತ್ತಿರುತ್ತೀರಿ, ನಡುವೆ ಒಂದು ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಕೀಬೋರ್ಡ್) ನಾದ ಬರುತ್ತದೆ, ಇದು ಯಾವ ಮಷೀನಪ್ಪಾ ಅಂತ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ. ಯಾರನ್ನಾದರೂ ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಎರಡೇ. 70ರ ದಶಕದ ಹಾಡಾದರೆ ‘ಮೋಗ್ ಇರಬೇಕು’, 80ರದ್ದಾದರೆ ‘ಡಿಎಕ್ಸ್7 ಇರಬೇಕು’. ಒಮ್ಮೊಮ್ಮೆ ಸರಿಯೂ ಇರುತ್ತದೆ ಅನ್ನಿ. ಕತ್ತಲಲ್ಲಿ ಎಸೆದ ಕಲ್ಲೂ ಕೆಲವು ಸಲ ತಾಗುತ್ತದೆ, ಅಲ್ವಾ?

ದಪ್ಪಗಿದೆ, ಬೆಚ್ಚಗಿದೆ, ತೆಳ್ಳಗಿದೆ ಅನ್ನುವ ಮಾತುಗಳನ್ನು ಮೊದಲು ಬದಿಗಿಡಿ. ಟೇಪು, ಎಕೋ, ರಿವರ್ಬ್, ಮಿಕ್ಸಿಂಗ್ ಎಲ್ಲ ಸೇರಿದ ಮೇಲೆ ಯಾವ ಮಷೀನನ್ನು ಬೇಕಾದರೂ ದಪ್ಪ ಮಾಡಬಹುದು. ಆ ಮಷೀನಿನ ಕೈಲಿ ಏನು ಆಗುವುದಿಲ್ಲವೋ ಅದನ್ನು ಮಾತ್ರ ಸ್ಟುಡಿಯೋದವರು ಅಷ್ಟು ಸುಲಭವಾಗಿ ಮುಚ್ಚಿಡಲಾರರು. ಹಳೆಯ ಸಿಂಥ್‌ಗಳಿಗೆ ಮಿತಿಗಳು ಜಾಸ್ತಿ. ಒಂದಕ್ಕೆ ಒಂದು ಸಲಕ್ಕೆ ಒಂದೇ ಸ್ವರ ನುಡಿಸಲು ಬರುತ್ತದೆ, ಇನ್ನೊಂದಕ್ಕೆ ಬೆರಳು ಮೆಲ್ಲಗೆ ಬಿತ್ತೋ ಜೋರಾಗಿ ಬಿತ್ತೋ ಗೊತ್ತೇ ಆಗುವುದಿಲ್ಲ, ಮತ್ತೊಂದಕ್ಕೆ ನಾದದ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಫಿಲ್ಟರೇ ಇಲ್ಲ. ಈ ‘ಇಲ್ಲ’ಗಳನ್ನು ಹಿಡಿದುಕೊಂಡು ಒಂದೊಂದೇ ಮಷೀನನ್ನು ಹೊರಗೆ ಹಾಕುತ್ತಾ ಹೋಗಿ. ಉಳಿದ ಪಟ್ಟಿ ಚಿಕ್ಕದಾಗಿರುತ್ತದೆ.

ಕೇಳುವುದಕ್ಕೆ ಮೊದಲು

ಒಳ್ಳೆಯ ಪ್ರತಿ ಬೇಕು. ತುಂಬ ಕುಗ್ಗಿಸಿದ ಎಂಪಿ3ಯಲ್ಲಿ ಮೇಲಿನ ಹಾರ್ಮೋನಿಕ್ಸ್ (ಸ್ವರದೊಳಗಿನ ಎತ್ತರದ ನಾದಗಳು) ಕತ್ತರಿಸಿ ಹೋಗಿರುತ್ತವೆ, ಸುಳಿವುಗಳು ಇರುವುದೂ ಅಲ್ಲೇ. ಅದು ಮೂಲ ರೆಕಾರ್ಡಿಂಗೇ ಹೌದೋ ಅಂತಲೂ ನೋಡಿಕೊಳ್ಳಿ. ಎಷ್ಟೋ ಕಲಾವಿದರು ತಮ್ಮ ಹಳೆಯ ಹಾಡುಗಳನ್ನು ವರ್ಷಗಳಾದ ಮೇಲೆ ಹೊಸದಾಗಿ ಹಾಡಿ, ನುಡಿಸಿ, ಅದೇ ಹೆಸರಲ್ಲಿ ಬಿಟ್ಟಿದ್ದಾರೆ. ಅದನ್ನು ಹಿಡಿದು ಕೂತರೆ 1979ರ ಹಾಡಲ್ಲಿ 1990ರ ಕೀಬೋರ್ಡ್ ಸಿಕ್ಕಿ ತಲೆ ಕೆಡುತ್ತದೆ.

ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಒಂದಿದ್ದರೆ ಸಾಕು. ಅದರಲ್ಲಿ ಮಾಡಬೇಕಾದ ಮೊದಲ ಕೆಲಸ ಇದು: ಸ್ಟೀರಿಯೋ ಟ್ರ್ಯಾಕನ್ನು ಎರಡಾಗಿ ಬಿಡಿಸಿ, ಒಂದು ಚಾನೆಲ್ಲನ್ನು ತಲೆಕೆಳಗು ಮಾಡಿ, ಎರಡನ್ನೂ ಕೂಡಿಸಿ ಮೋನೋ ಮಾಡಿ. ನಟ್ಟನಡುವೆ ಇದ್ದದ್ದೆಲ್ಲ, ಅಂದರೆ ಸಾಮಾನ್ಯವಾಗಿ ಗಾಯನ, ಬೇಸ್, ಕಿಕ್ ಡ್ರಮ್, ಬಹುಮಟ್ಟಿಗೆ ಮಾಯವಾಗಿ, ಎಡಬಲಕ್ಕೆ ಹರಡಿಕೊಂಡಿದ್ದ ಸಿಂಥ್ ಎದ್ದು ಬರುತ್ತದೆ. ಗಾಯಕರ ಹಿಂದೆ ಅಡಗಿದ್ದ ಪ್ಯಾಡ್ (ಹಿನ್ನೆಲೆಯ ಉದ್ದನೆಯ ಸಿಂಥ್ ನಾದ) ಒಂದು ಹೀಗೆ ಇದ್ದಕ್ಕಿದ್ದಂತೆ ಒಂಟಿಯಾಗಿ ಕೇಳಿದಾಗ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಆ ತುಣುಕನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ. ಸ್ವರ ಹುಟ್ಟುವ ಕ್ಷಣ ಮತ್ತು ಸಾಯುವ ಕ್ಷಣ, ಈ ಎರಡರ ಮೇಲೆ ಕಿವಿ ಇಡಿ. ನಡುವಿನ ಭಾಗದಲ್ಲಿ ಎಲ್ಲ ಸಿಂಥ್‌ಗಳೂ ಅಣ್ಣತಮ್ಮಂದಿರೇ.

ವರ್ಷ ನೋಡಿ, ಅರ್ಧ ಪಟ್ಟಿ ಹೊಡೆದುಹಾಕಿ

ಇದು ಎಲ್ಲಕ್ಕಿಂತ ಸುಲಭ, ಆದರೂ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಮಿನಿಮೋಗ್ ಬಂದದ್ದು 1970ರಲ್ಲಿ. ಎಆರ್‌ಪಿ ಒಡಿಸ್ಸಿ 1972. ಸೊಲಿನಾ ಸ್ಟ್ರಿಂಗ್ ಎನ್ಸೆಂಬಲ್ 1974. ಯಮಾಹಾ ಸಿಎಸ್-80, ಪ್ರಾಫೆಟ್-5 ಎರಡೂ 70ರ ದಶಕದ ಕೊನೆಯವು. ರೋಲಂಡ್ ಜೂಪಿಟರ್-8 1981, ಜೂನೋ-60 1982, ಯಮಾಹಾ ಡಿಎಕ್ಸ್7 1983, ರೋಲಂಡ್ ಡಿ-50 1987, ಕಾರ್ಗ್ ಎಂ1 1988. 1981ರ ಹಾಡಲ್ಲಿ ಡಿಎಕ್ಸ್7 ಇದೆ ಅಂತ ಯಾರಾದರೂ ವಾದಕ್ಕೆ ನಿಂತರೆ ಸುಮ್ನೆ ನಕ್ಕುಬಿಡಿ.

ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಟೋಟೋ ತಂಡದ ‘ಆಫ್ರಿಕಾ’ ಹಾಡು 1982ರದ್ದು. ಅದರಲ್ಲಿ ಕಲಿಂಬಾದ (ಹೆಬ್ಬೆರಳಲ್ಲಿ ಮೀಟುವ ಆಫ್ರಿಕಾದ ವಾದ್ಯ) ಹಾಗೆ ಟಿಣ್ ಟಿಣ್ ಅನ್ನುವ ನಾದ ಥೇಟ್ ಎಫ್‌ಎಂ, ಅಂದರೆ ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲ್ಲಾಡಿಸಿ ನಾದ ಮಾಡುವ, ಡಿಎಕ್ಸ್7 ಬಳಸುವ ವಿಧಾನ. ಅದು ಡಿಎಕ್ಸ್7 ಆಗಲು ಸಾಧ್ಯವೇ ಇಲ್ಲ, ಯಾಕೆಂದರೆ ಆಗ ಅದು ಹುಟ್ಟೇ ಇರಲಿಲ್ಲ. ಅದೇ ಯಮಾಹಾದ ಜಿಎಸ್1 ಅನ್ನುವ ದೊಡ್ಡ ದುಬಾರಿ ಕೀಬೋರ್ಡ್ ಅದು, ಡಿಎಕ್ಸ್7ಗಿಂತ ಮುಂಚೆಯೇ ಎಫ್‌ಎಂ ಬಳಸಿದ್ದು. ಹಾಗಾಗಿ ಕಿವಿ ‘ಎಫ್‌ಎಂ’ ಅಂದು ವರ್ಷ ‘ಆಗದು’ ಅಂದರೆ, ಎರಡನ್ನೂ ನಂಬಿ. ಅದೇ ಮನೆತನದ ಹಿರಿಯರು ಯಾರಾದರೂ ಇದ್ದಾರಾ ಅಂತ ಹುಡುಕಿ.

ವರ್ಷವನ್ನು ಸಂಗೀತದ ಶೈಲಿ ನೋಡಿ ಊಹಿಸಲು ಹೋಗಬೇಡಿ. ರೋಲಂಡ್ ಟಿಬಿ-303ರ ಆ ಕೀಚಲು, ಜಾರುವ ಬೇಸ್ ಕೇಳಿದ ತಕ್ಷಣ ಆಸಿಡ್ ಹೌಸ್ ಅನ್ನುವ ನೃತ್ಯ ಸಂಗೀತ, ಅಂದರೆ 1987ರ ನಂತರ ಅಂತ ಬಹಳ ಜನ ಬರೆದುಬಿಡುತ್ತಾರೆ. ಮುಂಬೈ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ಅದೇ 303, ಜೊತೆಗೆ ಟಿಆರ್-808 ಡ್ರಮ್ ಮಷೀನ್ ಮತ್ತು ಜೂಪಿಟರ್-8 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಆಲ್ಬಮ್ ಮಾಡಿ ಆಗಿತ್ತು.

ಡ್ರಮ್ ಮಷೀನೂ ವರ್ಷ ಹಿಡಿಯಲು ಸಹಾಯಕ್ಕೆ ಬರುತ್ತದೆ. ಲಿನ್ ಎಲ್‌ಎಂ-1 1980ರದ್ದು, ಅದರಲ್ಲಿ ಕ್ರ್ಯಾಶ್, ರೈಡ್ ಸಿಂಬಲ್‌ಗಳಿಲ್ಲ. 1982ರ ಲಿನ್‌ಡ್ರಮ್‌ನಲ್ಲಿ ಇವೆ.

ಒಟ್ಟಿಗೆ ಎಷ್ಟು ಸ್ವರ?

ವರ್ಷದ ನಂತರ ನನ್ನ ಮಟ್ಟಿಗೆ ಅತಿ ಗಟ್ಟಿ ಸುಳಿವು ಇದೇ. ಮಿನಿಮೋಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಒಡಿಸ್ಸಿಯಲ್ಲಿ ಎರಡು. ಪ್ರಾಫೆಟ್-5ರಲ್ಲಿ ಹೆಸರೇ ಹೇಳುವಂತೆ ಐದು, ಜೂನೋದಲ್ಲಿ ಆರು, ಸಿಎಸ್-80 ಮತ್ತು ಜೂಪಿಟರ್-8ರಲ್ಲಿ ಎಂಟು, ಡಿಎಕ್ಸ್7ರಲ್ಲಿ 16. ಸೊಲಿನಾದಂಥ, ಪಿಟೀಲು ಮೇಳದ ನಾದ ಕೊಡುವ ಸ್ಟ್ರಿಂಗ್ ಮಷೀನ್‌ಗಳಲ್ಲಿ ಇರುವ ಎಲ್ಲ ಕೀಗಳನ್ನೂ ಒಟ್ಟಿಗೆ ಒತ್ತಿದರೂ ಎಲ್ಲವೂ ನುಡಿಯುತ್ತವೆ.

ಎಣಿಸುವುದು ಹೇಗೆ? ಬೆರಳು ಎತ್ತಿದ ಮೇಲೂ ನಾದ ಸ್ವಲ್ಪ ಹೊತ್ತು ಉಳಿಯುವಂಥ ನಿಧಾನದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಹಲವು ಸ್ವರಗಳ ಗುಚ್ಛ) ಹುಡುಕಿ. ನಾಲ್ಕು ಸ್ವರದ ಒಂದು ಕಾರ್ಡ್, ಅದರ ಬೆನ್ನಿಗೇ ನಾಲ್ಕು ಸ್ವರದ ಇನ್ನೊಂದು. ಐದೇ ದನಿ ಇರುವ ಮಷೀನಾದರೆ ಎರಡನೆಯದಕ್ಕೆ ಉಳಿದಿರುವುದು ಒಂದು ದನಿ ಮಾತ್ರ, ಮಿಕ್ಕ ಮೂರನ್ನು ಮೊದಲ ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕು. ಆಗ ಮೊದಲ ಕಾರ್ಡಿನ ಬಾಲ ಮೆಲ್ಲಗೆ ಕರಗುವುದಿಲ್ಲ, ಅದರ ಬಹುಪಾಲು ಥಟ್ ಅಂತ ತುಂಡಾಗುತ್ತದೆ, ಎಲ್ಲೋ ಒಂದು ಸ್ವರ ಮಾತ್ರ ಹೊಸ ಕಾರ್ಡಿನ ಕೆಳಗೆ ತೇಲುತ್ತಿರುತ್ತದೆ. ಎಂಟು ದನಿಯ ಮಷೀನಿನಲ್ಲಿ ಎರಡೂ ಕಾರ್ಡ್‌ಗಳು ಹಾಯಾಗಿ ಒಂದರ ಮೇಲೊಂದು ಕರಗುತ್ತವೆ. ಅರ್ಧ ವೇಗದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ರಿವರ್ಬ್ ಜಾಸ್ತಿ ಇದ್ದರೆ ಮಾತ್ರ ಕಷ್ಟ.

ಒಂದೆರಡೇ ಸ್ವರದ ಸಿಂಥ್‌ಗಳಲ್ಲೂ ಒಂದರಿಂದ ಒಂದನ್ನು ಬೇರೆ ಮಾಡಬಹುದು. ಬೆರಳು ಎತ್ತದೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋದಾಗ ಏನಾಗುತ್ತದೆ ನೋಡಿ. ಮಿನಿಮೋಗ್‌ನಲ್ಲಿ ಮೊದಲ ಸ್ವರಕ್ಕೆ ಮಾತ್ರ ಫಿಲ್ಟರ್ ‘ವಾವ್’ ಅಂತ ತೆರೆದುಕೊಳ್ಳುತ್ತದೆ, ಕೂಡಿಸಿ ನುಡಿಸಿದ ಮುಂದಿನ ಸ್ವರಗಳು ಅದೇ ಉಸಿರಲ್ಲಿ ಸಾಗುತ್ತವೆ. ಎಆರ್‌ಪಿ ಒಡಿಸ್ಸಿಯಲ್ಲಿ ಪ್ರತಿ ಹೊಸ ಕೀಗೂ ಎನ್ವಲಪ್ (ಸ್ವರ ಏರಿ ಇಳಿಯುವ ರೀತಿಯ ನಿಯಂತ್ರಣ) ಮತ್ತೆ ಶುರುವಾಗುತ್ತದೆ, ಅಂದರೆ ಪ್ರತಿ ಸ್ವರಕ್ಕೂ ಒಂದು ‘ವಾವ್’. ಹರ್ಬಿ ಹ್ಯಾನ್‌ಕಾಕ್ ಅವರ 1973ರ ‘ಕಮೀಲಿಯನ್’ ಬೇಸ್ ಒಡಿಸ್ಸಿ, ಪಾರ್ಲಿಮೆಂಟ್ ತಂಡದ ‘ಫ್ಲ್ಯಾಶ್ ಲೈಟ್’ ಬೇಸ್ ಮಿನಿಮೋಗ್. ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ. ಎರಡೂ ಹೆಸರುವಾಸಿ ಸಿಂಥ್ ಬೇಸ್‌ಗಳೇ, ಆದರೂ ಸ್ವರ ಶುರುವಾಗುವ ರೀತಿ ಬೇರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ರೀತಿ ಬೇರೆ.

ಇಲ್ಲಿ ಎಡವುವ ಜಾಗ ಅಂದರೆ ಓವರ್‌ಡಬ್. ವೆಂಡಿ ಕಾರ್ಲೋಸ್ 1968ರಲ್ಲಿ ತಂದ ಬಾಖ್ ಆಲ್ಬಮ್ಮಿನಲ್ಲಿ ತುಂಬು ಸಂಗೀತವೇ ಇದೆ, ಆದರೆ ನುಡಿಸಿದ್ದು ಒಂದೇ ದನಿಯ ಮೋಗ್ ಮಾಡ್ಯುಲರ್‌ನಲ್ಲಿ, ಒಂದು ಎಳೆಯ ಮೇಲೆ ಇನ್ನೊಂದು ಎಳೆಯಾಗಿ ಟೇಪಿಗೆ ಏರಿಸಿ. ಹಾಗಾಗಿ 70ರ ದಶಕದ ಮೊದಲ ಭಾಗದಲ್ಲಿ ಸಿಂಥ್ ಕಾರ್ಡ್ ಕೇಳಿದರೆ ಅದರ ಸ್ವರಗಳು ನೂಲು ಹಿಡಿದಂತೆ ಒಟ್ಟಿಗೇ ಬೀಳುತ್ತವಾ, ಇಲ್ಲ ಕೂದಲೆಳೆಯಷ್ಟು ಹಿಂದುಮುಂದು ಆಗುತ್ತವಾ ಅಂತ ಗಮನಿಸಿ.

ಬೆರಳಿನ ಸುದ್ದಿ

ಮಿನಿಮೋಗ್, ಒಡಿಸ್ಸಿ, ಪ್ರಾಫೆಟ್-5, ಜೂಪಿಟರ್-8, ಜೂನೋ-60, ಇವ್ಯಾವುದಕ್ಕೂ ಬೆರಳಿನ ಬಿರುಸು ಗೊತ್ತಾಗುವುದಿಲ್ಲ. ಕೀ ಒತ್ತಿದಿರಾ, ಅಷ್ಟೇ, ಎಲ್ಲ ಸ್ವರವೂ ಒಂದೇ ಗಟ್ಟಿ. ಡಿಎಕ್ಸ್7ಗೆ ಗೊತ್ತಾಗುತ್ತದೆ. ಅಲ್ಲಿ ಜೋರಾಗಿ ಹೊಡೆದರೆ ದನಿ ದೊಡ್ಡದಾಗುವುದಷ್ಟೇ ಅಲ್ಲದೆ ಹೊಳಪೂ ಏರುತ್ತದೆ. ಒಂದು ಸಾಲಿನಲ್ಲಿ ಮೆಲ್ಲಗಿನ ಸ್ವರಗಳು ಮಂಕಾಗಿ, ಒತ್ತಿದ ಸ್ವರಗಳು ಚುರುಕಾಗಿ ಕೇಳಿದರೆ ಮೇಲಿನ ಐದೂ ಹೊರಗೆ. ವಾದಕರು ಒಂದು ಕೈಯಲ್ಲಿ ಫಿಲ್ಟರ್ ನಾಬ್ ತಿರುಗಿಸುತ್ತಿದ್ದರೂ ಹೊಳಪು ಬದಲಾಗುತ್ತದೆ, ಆದರೆ ಆ ಬದಲಾವಣೆ ಸಾಲಿನುದ್ದಕ್ಕೂ ಇಳಿಜಾರಿನ ಹಾಗೆ ಬರುತ್ತದೆ, ಸ್ವರ ಸ್ವರಕ್ಕೂ ಹಾರುವುದಿಲ್ಲ.

ಈ ವಿಷಯದಲ್ಲಿ ಸಿಎಸ್-80 ಬೇರೆಯದೇ ಪ್ರಾಣಿ. ಒತ್ತಿ ಹಿಡಿದ ಕೀ ಮೇಲೆ ಇನ್ನಷ್ಟು ಭಾರ ಹಾಕಿದರೆ ಆ ಒಂದು ಸ್ವರ ಮಾತ್ರ ಬದಲಾಗುತ್ತದೆ, ಪಕ್ಕದ ಬೆರಳಿನ ಸ್ವರ ಸುಮ್ಮನಿರುತ್ತದೆ. ಹಾಗಾಗಿ ಕಾರ್ಡಿನೊಳಗೆ ಮೇಲಿನ ಸ್ವರವೊಂದೇ ನಡುಗುತ್ತಾ, ಉಬ್ಬುತ್ತಾ, ಕೆಳಗಿನವು ಅಲ್ಲಾಡದೆ ನಿಂತಿರುವುದು ಕೇಳಿಸಿದರೆ, ವರ್ಷವೂ ಹೊಂದಿದರೆ, ನಾನು ಬೇರೆ ಹೆಸರು ಹುಡುಕಲು ಹೋಗುವುದಿಲ್ಲ. ವ್ಯಾಂಗೆಲಿಸ್ 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಮಾಡಿದ ಸಂಗೀತದಲ್ಲಿ ಹಿತ್ತಾಳೆ ವಾದ್ಯದಂಥ ಆ ದೊಡ್ಡ ನಾದ ಇದೇ. ಕೀಗಳ ಮೇಲೆ ಉದ್ದಕ್ಕೂ ಒಂದು ರಿಬ್ಬನ್ ಪಟ್ಟಿ ಇದೆ, ಅದರ ಮೇಲೆ ಬೆರಳು ಎಳೆದರೆ ಹಿಡಿದಿರುವ ಸ್ವರಗಳೆಲ್ಲ ಒಟ್ಟಿಗೆ ಜಾರುತ್ತವೆ. ಆ ಜಾರು ಕೇಳಿಸಿದರಂತೂ ಕೇಸು ಇನ್ನೂ ಗಟ್ಟಿ.

ನಾದ ಹುಟ್ಟುವ ಬಗೆ

ಹಳೆಯ ಅನಲಾಗ್ ಆಸಿಲೇಟರ್‌ಗಳ (ಮೂಲ ನಾದ ಹುಟ್ಟಿಸುವ ಸರ್ಕ್ಯೂಟ್) ಶ್ರುತಿ ಸ್ವಲ್ಪ ಆಚೀಚೆ ತೇಲುತ್ತದೆ. ಮಿನಿಮೋಗ್‌ನಲ್ಲಿ ಮೂರು ಆಸಿಲೇಟರ್ ಇವೆ, ಮೂರೂ ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿದ್ದರೆ ಸ್ವರದೊಳಗೆ ನಿಧಾನದ ಒಂದು ಅಲೆ ಏಳುತ್ತದೆ. ಅದೇ ಸ್ವರವನ್ನು ಮತ್ತೆ ನುಡಿಸಿದಾಗ ಆ ಅಲೆ ಬೇರೆ ಜಾಗದಿಂದ ಶುರುವಾಗುತ್ತದೆ, ಎರಡು ಸಲ ಅದೇ ಸ್ವರ ಬಂದರೂ ತದ್ರೂಪು ಇರುವುದಿಲ್ಲ.

ಜೂನೋದಲ್ಲಿ ಹಾಗಾಗುವುದಿಲ್ಲ. ಒಂದು ದನಿಗೆ ಒಂದೇ ಆಸಿಲೇಟರ್, ಅದೂ ಡಿಜಿಟಲ್ ಹಿಡಿತದಲ್ಲಿರುವಂಥದ್ದು, ಶ್ರುತಿ ಅಲ್ಲಾಡದು. ಅದರ ದಪ್ಪವೆಲ್ಲ ಬರುವುದು ನಾದದ ತುಸು ತೇಲುವ ನಕಲನ್ನು ಅದರ ಮೇಲೇ ಹಾಕುವ ಕೋರಸ್ ಬಟನ್‌ನಿಂದ. ಮೊದಲು ಹೇಳಿದೆನಲ್ಲ, ಒಂದು ಚಾನೆಲ್ ತಲೆಕೆಳಗು ಮಾಡಿ ಕೂಡಿಸುವ ಉಪಾಯ, ಅದು ಇಲ್ಲಿ ಭರ್ಜರಿ ಕೆಲಸಕ್ಕೆ ಬರುತ್ತದೆ. ಕೋರಸ್‌ನ ಅಲೆ ಎಡಬಲಗಳಲ್ಲಿ ಬೇರೆ ಬೇರೆಯಾಗಿ ಇರುವುದರಿಂದ ನಡುವಿನದು ಹೋದ ಮೇಲೆ ಆ ಸುಳಿ ಬರಿಯಾಗಿ ಕೇಳುತ್ತದೆ. ಜೊತೆಗೆ ಸ್ಸ್ಸ್ ಅನ್ನುವ ಸದ್ದು. ಜೂನೋ ಕೋರಸ್‌ಗೆ ಗದ್ದಲ ಜಾಸ್ತಿ, ಕಾರ್ಡ್‌ಗಳ ನಡುವೆ ಖಾಲಿ ಜಾಗ ಸಿಕ್ಕಿದರೆ ಅಲ್ಲಿ ಕೇಳಿ ನೋಡಿ.

ಸ್ಟ್ರಿಂಗ್ ಮಷೀನ್‌ನಲ್ಲೂ ಸುಳಿ ಇರುತ್ತದೆ, ಆದರೆ ಅಲ್ಲಿ ನಿಧಾನದ್ದೊಂದು, ವೇಗದ್ದೊಂದು, ಎರಡು ಅಲೆ ಒಂದರ ಮೇಲೊಂದು ಓಡುತ್ತವೆ. ಇನ್ನೊಂದು ಗುರುತು: ಅದರಲ್ಲಿ ಎಲ್ಲ ಸ್ಥಾಯಿಯ ಸ್ವರಗಳೂ ಮೇಲಿನ ಒಂದೇ ಮೂಲದಿಂದ ಭಾಗಿಸಿ ತೆಗೆದವು. ಹಾಗಾಗಿ ಮಂದ್ರದ ಸಾ ಮತ್ತು ಮಧ್ಯದ ಸಾ ಒಟ್ಟಿಗೆ ಹಿಡಿದರೆ ಅವುಗಳ ನಡುವೆ ಚೂರೂ ತಿಕ್ಕಾಟ ಇರುವುದಿಲ್ಲ, ಎರಡೂ ಬೆಸುಗೆ ಹಾಕಿದ ಹಾಗೆ ಕೂರುತ್ತವೆ.

ಡಿಎಕ್ಸ್7ರಲ್ಲಿ ಫಿಲ್ಟರ್ ಇಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಎಷ್ಟೋ ವಾದಗಳು ಅಲ್ಲೇ ಮುಗಿಯುತ್ತವೆ. ಕಾರ್ಡ್ ಹಿಡಿದಿರುವಾಗ ಫಿಲ್ಟರ್‌ನ ಸಿಳ್ಳೆಯಂಥ ರೆಸೊನೆನ್ಸ್ ಮೇಲಿಂದ ಕೆಳಗೆ ಗುಡಿಸಿಕೊಂಡು ಹೋದರೆ ಅದು ಡಿಎಕ್ಸ್7 ಒಂದರಿಂದಲೇ ಬಂದದ್ದಲ್ಲ. ಡಿಎಕ್ಸ್7ರ ಗುರುತು ಸ್ವರದ ತಲೆಯಲ್ಲಿದೆ: ಗಾಜಿಗೆ ಲೋಹ ತಾಗಿದಂಥ ಒಂದು ಚಿಕ್ಕ ಟಿಂಗ್, ಅದರ ಹಿಂದೆ ನಯವಾದ ಶುದ್ಧ ನಾದ. 1983ರ ನಂತರದ ಪ್ರೇಮಗೀತೆಗಳಲ್ಲಿ ಅದರ ಎಲೆಕ್ಟ್ರಿಕ್ ಪಿಯಾನೋ ಕೇಳದವರು ಯಾರಿದ್ದಾರೆ! ಇದನ್ನು ರೋಡ್ಸ್ ಪಿಯಾನೋ ಅಂತ ತಪ್ಪು ತಿಳಿಯುವವರು ಬಹಳ. ರೋಡ್ಸ್‌ನಲ್ಲಿ ನಿಜವಾಗಿಯೂ ಸುತ್ತಿಗೆ ಲೋಹದ ಕಡ್ಡಿಗೆ ಹೊಡೆಯುತ್ತದೆ, ಜೋರಾಗಿ ಹೊಡೆದರೆ ಅದು ಒರಟಾಗಿ ಬೊಗಳುತ್ತದೆ, ಒಂದು ಕೀ ಪಕ್ಕದ ಕೀಗಿಂತ ತುಸು ಬೇರೆ ಇರುತ್ತದೆ. ಡಿಎಕ್ಸ್7 ಎಷ್ಟು ಹೊಡೆದರೂ ಬಟ್ಟೆ ಮಡಿಕೆ ಮುರಿಯದ ಸಂಭಾವಿತ.

ಮೆಲೋಟ್ರಾನ್ ಸಿಂಥೇ ಅಲ್ಲ, ಆದರೆ ಹುಡುಕಾಟದಲ್ಲಿ ಪದೇ ಪದೇ ಎದುರಾಗುತ್ತದೆ. ಪ್ರತಿ ಕೀ ಕೆಳಗೆ ಒಂದು ಟೇಪಿನ ತುಂಡು, ಅದರ ಮೇಲೆ ನಿಜವಾದ ಕೊಳಲು, ಪಿಟೀಲುಗಳ ರೆಕಾರ್ಡಿಂಗ್. ಟೇಪು ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ, ಆಮೇಲೆ ಬೆರಳು ಎತ್ತಲೇಬೇಕು. ಬೀಟಲ್ಸ್ ತಂಡದ 1967ರ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಶುರುವಿನ ಕೊಳಲು ಇದೇ. ಇದನ್ನು ಆಮೇಲಿನ ಸ್ಯಾಂಪ್ಲರ್‌ಗಳಿಂದ ಬೇರೆ ಮಾಡಲು ವೈಬ್ರಾಟೊ (ಸ್ವರದ ನಡುಕ) ನೋಡಿ. ಸ್ಯಾಂಪ್ಲರ್‌ನಲ್ಲಿ ಒಂದೇ ರೆಕಾರ್ಡಿಂಗನ್ನು ಮೇಲೆ ಕೆಳಗೆ ಎಳೆದು ಹಲವು ಸ್ವರ ಮಾಡುತ್ತಾರೆ, ಆದ್ದರಿಂದ ತಾರಕ್ಕೆ ಹೋದಂತೆ ಒಳಗಿನ ನಡುಕವೂ ಚುರುಕಾಗುತ್ತದೆ, ಮಂದ್ರಕ್ಕೆ ಇಳಿದಂತೆ ಆಲಸಿಯಾಗುತ್ತದೆ. ಮೆಲೋಟ್ರಾನ್‌ನಲ್ಲಿ ಒಂದೊಂದು ಕೀಗೂ ಬೇರೆ ಟೇಪು, ಹಾಗಾಗಿ ಈ ಲೆಕ್ಕ ಅಲ್ಲಿ ನಡೆಯದು.

ಫಿಲ್ಟರ್ ಒಂದನ್ನೇ ಕೇಳಿ ಕಂಪನಿ ಹೇಳುತ್ತೇನೆ ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂಟಿಯಾಗಿ ಕೇಳಿದರೆ ಆಗಬಹುದು. ತುಂಬಿದ ಮಿಕ್ಸ್ ಒಳಗೆ ಅದು ತೀರಾ ತೆಳುವಾದ ಸಾಕ್ಷಿ.

ಪ್ರೀಸೆಟ್ ಸಿಕ್ಕರೆ ಹಬ್ಬ

ಮೇಲಿನದೆಲ್ಲ ಕಷ್ಟದ ದಾರಿ. ಸುಲಭದ ದಾರಿ ಒಂದಿದೆ, ಅದೃಷ್ಟ ಬೇಕು ಅಷ್ಟೇ: ವಾದಕರು ಕಂಪನಿ ಕೊಟ್ಟ ನಾದವನ್ನೇ ಮುಟ್ಟದೆ ಬಳಸಿರಬೇಕು. ಗ್ಯಾರಿ ನ್ಯೂಮನ್ ಅವರ 1979ರ ‘ಕಾರ್ಸ್’ ಹಾಡಿನ ಆ ತಣ್ಣನೆಯ ಎತ್ತರದ ನಾದ ಪಾಲಿಮೋಗ್‌ನ ‘ವಾಕ್ಸ್ ಹ್ಯೂಮನಾ’ ಪ್ರೀಸೆಟ್. ಹಿಪ್ ಹಾಪ್, ಪಾಪ್ ಎಲ್ಲ ಕಡೆ ‘ಢಾಂ’ ಅಂತ ಬೀಳುತ್ತಿದ್ದ ಆರ್ಕೆಸ್ಟ್ರಾ ಹೊಡೆತ ಫೇರ್‌ಲೈಟ್ ಸಿಎಂಐ ಸ್ಯಾಂಪ್ಲರ್ ಜೊತೆ ಬಂದ ಸ್ಯಾಂಪಲ್, ಮೂಲ ಸ್ಟ್ರಾವಿನ್ಸ್ಕಿ ಅವರ ‘ಫೈರ್‌ಬರ್ಡ್’ ರೆಕಾರ್ಡಿಂಗ್. 1982ರ ‘ಪ್ಲಾನೆಟ್ ರಾಕ್’ನಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಪೀಟರ್ ಗೇಬ್ರಿಯಲ್ ಅವರ 1986ರ ‘ಸ್ಲೆಜ್‌ಹ್ಯಾಮರ್’ ಶುರುವಾಗುವ ಬಿದಿರಿನ ಕೊಳಲು ಎಮ್ಯುಲೇಟರ್ 2 ಸ್ಯಾಂಪ್ಲರ್‌ನ ಶಾಕುಹಾಚಿ. ಎನ್ಯಾ ಅವರ 1988ರ ‘ಒರಿನೊಕೊ ಫ್ಲೋ’ದಲ್ಲಿ ಮೀಟಿದಂತೆ ಕೇಳುವುದು ಡಿ-50ಯ ‘ಪಿಟ್ಸಗೋಗೋ’. 90ರ ದಶಕದ ಹೌಸ್ ಸಂಗೀತದ ಗಡುಸು ಪಿಯಾನೋ, ಟೊಳ್ಳು ಆರ್ಗನ್ ಬೇಸ್ ಬಹಳ ಕಡೆ ಎಂ1ರವು.

ಇಂಥ ನಾದಗಳನ್ನು ಒಂದೊಂದಾಗಿ ಕಿವಿಗೆ ಹತ್ತಿಸಿಕೊಳ್ಳಿ. ಯಾವುದೇ ಹಳೆಯ ಡಿಜಿಟಲ್ ಸಿಂಥ್‌ನ ಫ್ಯಾಕ್ಟರಿ ಪ್ರೀಸೆಟ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ತೋರಿಸುವ ವಿಡಿಯೋಗಳು ಸಿಗುತ್ತವೆ. ಬೋರ್ ಹೊಡೆಸುತ್ತವೆ, ನಿಜ, ಆದರೂ ಕೂತು ಕೇಳಿ. ಅಲ್ಲಿಂದ ಮುಂದೆ ಹಳೆಯ ಹಾಡುಗಳು ತಾವಾಗಿಯೇ ಹೆಸರು ಹೇಳತೊಡಗುತ್ತವೆ.

ಮೋಸ ಹೋಗುವ ಜಾಗಗಳು

ದಿ ಹೂ ತಂಡದ 1971ರ ‘ಬಾಬಾ ಓರೈಲಿ’ ಶುರುವಾಗುವ ಆ ಪುಟಿಯುವ ನಾದವನ್ನು ಸಿಂಥ್ ಅಂತ ಆಣೆ ಮಾಡುವವರಿದ್ದಾರೆ. ಅದು ಲೌರಿ ಕಂಪನಿಯ ಮನೆಬಳಕೆಯ ಆರ್ಗನ್, ಅದರಲ್ಲಿದ್ದ ಮರಿಂಬಾ ರಿಪೀಟ್ ಅನ್ನುವ ಸೌಲಭ್ಯ. ಅದೇ ಆಲ್ಬಮ್ಮಿನ ‘ವೋಂಟ್ ಗೆಟ್ ಫೂಲ್ಡ್ ಅಗೇನ್’ನಲ್ಲಿ ಲೌರಿ ಆರ್ಗನ್ನನ್ನೇ ಇಎಂಎಸ್ ವಿಸಿಎಸ್3 ಸಿಂಥ್ ಮೂಲಕ ಹಾಯಿಸಿದ್ದಾರೆ. ಅಲ್ಲಿ ‘ಆರ್ಗನ್ನೋ ಸಿಂಥೋ’ ಅಂತ ಜಗಳ ಆಡಿದರೆ ಇಬ್ಬರೂ ಗೆಲ್ಲಬಹುದು.

ಕ್ವೀನ್ ತಂಡದವರು 70ರ ದಶಕದ ಆಲ್ಬಮ್‌ಗಳ ಮೇಲೆ ‘ಸಿಂಥಸೈಜರ್ ಬಳಸಿಲ್ಲ’ ಅಂತ ಅಚ್ಚು ಹಾಕಿಸುತ್ತಿದ್ದರು, ಅಷ್ಟು ಸಿಂಥ್‌ನಂತೆ ಕೇಳುತ್ತಿದ್ದವು ಅವರ ಗಿಟಾರ್ ಪದರಗಳು. 1980ರ ‘ದಿ ಗೇಮ್’ನಲ್ಲಿ ಮಾತ್ರ ಓಬರ್‌ಹೈಮ್ ಒಬಿ-ಎಕ್ಸ್ ಸಿಂಥ್ ಒಳಗೆ ಬಂತು. ವಾ-ವಾ ಪೆಡಲ್ ಹಾಕಿದ ಕ್ಲಾವಿನೆಟ್ (ತಂತಿಗಳಿರುವ ವಿದ್ಯುತ್ ಕೀಬೋರ್ಡ್) ಕೂಡ ಇದೇ ಸಾಲಿನ ಮೋಸಗಾರ.

1983ರಲ್ಲಿ ಸಿಂಥ್‌ಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ವ್ಯವಸ್ಥೆ ಬಂದ ಮೇಲೆ ಹೊಸ ತಲೆನೋವು. ಒಂದು ಕೀ ಒತ್ತಿದರೆ ಎರಡು ಮೂರು ಸಿಂಥ್ ಒಟ್ಟಿಗೆ ನುಡಿಯುವಂತೆ ಜೋಡಿಸುವುದು ಸಲೀಸಾಯಿತು. ತಲೆಯಲ್ಲಿ ಡಿಎಕ್ಸ್‌ನ ಟಿಂಗ್, ಹಿಂದೆ ಅನಲಾಗ್‌ನ ಹರವು ಕೇಳಿದರೆ ಒಂದೇ ಹೆಸರಿಗೆ ಒದ್ದಾಡಬೇಡಿ, ಎರಡು ಮಷೀನಿನ ಜೋಡಿ ಅಂತ ಬರೆಯಿರಿ.

ಖಚಿತ ಮಾಡಿಕೊಳ್ಳಲು

ಆಲ್ಬಮ್ ಹೊದಿಕೆಯ ವಿವರ, ಆ ಕಾಲದ ಸಂಗೀತ ಪತ್ರಿಕೆಗಳ ಸಂದರ್ಶನ, ಸ್ಟುಡಿಯೋದೊಳಗೆ ತೆಗೆದ ಫೋಟೋ, ಇವು ಒಳ್ಳೆಯ ಸಾಕ್ಷಿ. ಟಿವಿ ಕಾರ್ಯಕ್ರಮದ ವಿಡಿಯೋ ಅಷ್ಟು ಒಳ್ಳೆಯದಲ್ಲ. ಅಲ್ಲಿ ಟೇಪು ಓಡುತ್ತಿರುತ್ತದೆ, ವಾದಕರು ಕೈಗೆ ಸಿಕ್ಕ ಕೀಬೋರ್ಡ್ ಮುಂದೆ ನಿಂತು ಬೆರಳಾಡಿಸುತ್ತಿರುತ್ತಾರೆ, ಕೆಲವು ಸಲ ಹಿಂದಿನಿಂದ ವೈರೂ ಇರುವುದಿಲ್ಲ. ವಾದಕರ ನೆನಪನ್ನೂ ಹಾಗೇ ನುಂಗಬೇಡಿ, ಅದರಲ್ಲೂ ವರ್ಷ ಮತ್ತು ನೆನಪು ಹೊಂದದಿದ್ದರೆ ವರ್ಷದ ಕಡೆ ನಿಲ್ಲಿ.

ಕೊನೆಗೆ ಆ ಮಷೀನಿನ ಸಾಫ್ಟ್‌ವೇರ್ ರೂಪ ಹಾಕಿಕೊಂಡು ಅದೇ ಸಾಲನ್ನು ನುಡಿಸಿ ನೋಡಬಹುದು. ಒಂದು ಎಚ್ಚರಿಕೆ: ಹಳೆಯ ಟೇಪುಗಳ ವೇಗ ತುಸು ಹೆಚ್ಚುಕಡಿಮೆ ಆಗಿರುತ್ತದೆ, ಶ್ರುತಿ ಹೊಂದಿಸಿಕೊಂಡ ಮೇಲೇ ಹೋಲಿಸಿ. ನಾದ ತುಂಬ ಹತ್ತಿರ ಬಂತು ಅಂತ ಖುಷಿಪಟ್ಟು ನಿಲ್ಲಿಸಬೇಡಿ. ಅದೇ ಸಾಲನ್ನು ಇನ್ನೊಂದು ಸಿಂಥ್‌ನಲ್ಲೂ ಮಾಡಿ ನೋಡಿ. ಅದರಲ್ಲೂ ಅಷ್ಟೇ ಹತ್ತಿರ ಬಂದರೆ ನಿಮ್ಮ ಕೈಯಲ್ಲಿರುವುದು ಎರಡು ಹೆಸರು, ಎರಡನ್ನೂ ಬರೆದಿಡಿ.